ಏಣಿ ನೋಡಿ ಬೋಟ್ ಆರಿಸಿ: ಅಂಗವಿಕಲರಿಗೆ ಸ್ಕೂಬಾ ಡೈವಿಂಗ್‌ನಲ್ಲಿ ಯಾವುದು ಒಳ್ಳೆಯದು?

ಎರಡು ವರ್ಷದ ಮಗುವಾಗಿದ್ದಾಗ ನನ್ನ ಬಲಗಾಲಿಗೆ ಪೋಲಿಯೊ ಹೊಡೆಯಿತು. ಕಾಲಿಗೆ ಆಧಾರ ಕೊಡುವ ಲೋಹದ ಪಟ್ಟಿ, ಅಂದರೆ ಕ್ಯಾಲಿಪರ್ ಕಟ್ಟಿಕೊಂಡು, ಒಂದು ಊರುಗೋಲು ಹಿಡಿದು ನಡೆಯುತ್ತೇನೆ. ಈಜು ಕಲಿತದ್ದು ಅಜ್ಜನ ತೋಟದ ಬಾವಿಯಲ್ಲಿ, ಸೊಂಟಕ್ಕೆ ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು. ಹಾಗಾಗಿ ನೀರಿನ ಹೆದರಿಕೆ ಯಾವತ್ತೂ ಇರಲಿಲ್ಲ. ಬೆನ್ನಿಗೆ ಕಟ್ಟಿದ ಸಿಲಿಂಡರಿನ ಗಾಳಿ ಉಸಿರಾಡುತ್ತಾ ನೀರಿನೊಳಗೆ ಹೋಗುವ ಸ್ಕೂಬಾ ಡೈವಿಂಗ್‌ಗೆ ಮೊದಲ ಸಲ ಹೋದಾಗ ನೀರಿನೊಳಗಿನ ಇಪ್ಪತ್ತೈದು ನಿಮಿಷ ಸ್ವರ್ಗ. ಸೋತಿದ್ದು ಆಮೇಲೆ, ಬೋಟಿನ ಏಣಿಯಲ್ಲಿ.

ಮೂರೇ ಮೆಟ್ಟಿಲಿನ ಪೈಪಿನ ಏಣಿ. ಬೋಟ್ ಒಂದು ಕಡೆ ವಾಲಿದಾಗ ಕೆಳಗಿನ ಮೆಟ್ಟಿಲು ನೀರಿನಿಂದ ಮೇಲೆ ಬರುತ್ತಿತ್ತು, ಇನ್ನೊಂದು ಕಡೆ ವಾಲಿದಾಗ ಮೊಣಕಾಲಿಗೆ ಬಡಿಯುತ್ತಿತ್ತು. ಮೇಲಿಂದ ಇಬ್ಬರು ಒಂದೇ ಕೈ ಹಿಡಿದು ಎಳೆದರು. ಎರಡು ವಾರ ಭುಜ ಎತ್ತಲು ಆಗಲಿಲ್ಲ. ಊರುಗೋಲು ಹಿಡಿಯುವವನಿಗೆ ಭುಜವೇ ಕಾಲು ಅಲ್ವಾ? ಎರಡು ವಾರ ಮನೆಯಲ್ಲೇ ಬಿದ್ದಿದ್ದೆ. ಯಾವ ಊರು, ಯಾರ ಬೋಟ್ ಅನ್ನೋದು ಇಲ್ಲಿ ಬೇಡ.

ಅವತ್ತಿನಿಂದ ಯಾರಾದರೂ "ಎಲ್ಲಿ ಹೋಗೋದು ಒಳ್ಳೇದು?" ಅಂತ ಕೇಳಿದರೆ ನಾನು ಮೀನು, ಹವಳದ ಮಾತು ಆಮೇಲೆ ಆಡುತ್ತೇನೆ. ನೀರಿಗೆ ಹೇಗೆ ಇಳಿಸುತ್ತಾರೆ, ಹೇಗೆ ಹತ್ತಿಸುತ್ತಾರೆ ಅನ್ನೋದನ್ನೇ ಮೊದಲು ನೋಡಿ ಅನ್ನುತ್ತೇನೆ. ಕೆಳಗಿನ ಹೋಲಿಕೆಗಳೆಲ್ಲ ಆ ಲೆಕ್ಕದಲ್ಲೇ ಇವೆ. (ವಿಕಲಚೇತನ, ದಿವ್ಯಾಂಗ ಅಂತೆಲ್ಲ ಹೆಸರು ಬಂದಿವೆ. ಬಸ್ ಪಾಸ್ ಕೌಂಟರಿನಲ್ಲಿ ನಾವು ನಾವೇ ಮಾತಾಡುವಾಗ ಅಂಗವಿಕಲ ಅಂತಲೇ ಅನ್ನುತ್ತೇವೆ, ಇಲ್ಲೂ ಅದೇ ಇರಲಿ.)

ಸ್ನಾರ್ಕೆಲಿಂಗ್, ಈಜುಕೊಳ, ಟ್ರೈ ಡೈವ್, ಕೋರ್ಸ್

ಸ್ನಾರ್ಕೆಲಿಂಗ್, ಅಂದರೆ ಬಾಯಲ್ಲಿ ಕೊಳವೆ ಇಟ್ಟುಕೊಂಡು ನೀರಿನ ಮೇಲೆ ತೇಲುತ್ತಾ ಕೆಳಗೆ ನೋಡುವುದು, ಸುಲಭ ಅಂತ ಎಲ್ಲರೂ ಹೇಳುತ್ತಾರೆ. ನನ್ನಂಥವರಿಗೆ ಅದು ಅಷ್ಟೇನೂ ಸುಲಭವಲ್ಲ. ನೀರಿನ ಮೇಲ್ಭಾಗದಲ್ಲೇ ಅಲೆ ಜಾಸ್ತಿ. ಕಾಲಿನಲ್ಲಿ ಬಲ ಇಲ್ಲದಿದ್ದರೆ ಅಲೆ ಎತ್ತ ತಳ್ಳುತ್ತದೋ ಅತ್ತ ಹೋಗಬೇಕು. ಕುತ್ತಿಗೆ, ಹೊಟ್ಟೆಯ ಸ್ನಾಯು ದುರ್ಬಲ ಇದ್ದವರಿಗೆ ಮುಖ ಮೇಲೆ ತಿರುಗಿಸುವುದೇ ಕಷ್ಟ. ಆದರೆ ಸಿಲಿಂಡರ್ ಗಾಳಿ ಉಸಿರಾಡುವಾಗ ಬರುವ ಒತ್ತಡದ ತೊಂದರೆ ಇದರಲ್ಲಿ ಇಲ್ಲ. ಹಾಗಾಗಿ ಡಾಕ್ಟರ್ ಡೈವಿಂಗ್ ಬೇಡ ಅಂದವರು ಇದಕ್ಕಾದರೂ ಆಗುತ್ತದಾ ಅಂತ ಅವರನ್ನೇ ಕೇಳಬಹುದು.

ಈಜುಕೊಳದಲ್ಲಿ ಸ್ಕೂಬಾ ಕಿಟ್ ಹಾಕಿ ನೋಡುವುದನ್ನು ತುಂಬ ಜನ ಸುಮ್ನೆ ದುಡ್ಡು ದಂಡ ಅಂತಾರೆ. ನನಗೆ ಎಲ್ಲಕ್ಕಿಂತ ಉಪಯೋಗ ಆಗಿದ್ದು ಅದೇ. ನನ್ನ ಸಣ್ಣ ಕಾಲು ನೀರಿನಲ್ಲಿ ಬೆಂಡಿನ ಹಾಗೆ ತೇಲುತ್ತದೆ ಅನ್ನೋದು ಗೊತ್ತಾಗಿದ್ದು ಕೊಳದಲ್ಲಿ. ಸ್ನಾಯು ನೀರಿಗಿಂತ ಭಾರ, ಕೊಬ್ಬು ಹಗುರ. ಸ್ನಾಯು ಕರಗಿದ ಕಾಲಿಗೆ ತೇಲುವ ರಬ್ಬರಿನ ಡೈವಿಂಗ್ ಉಡುಪು, ಅಂದರೆ ವೆಟ್‌ಸೂಟ್ ಬೇರೆ ಹಾಕಿದರೆ ಅದು ಮೇಲಕ್ಕೇ ಏಳುತ್ತದೆ, ಆಳು ತಲೆಕೆಳಗೆ. ಪಾದದ ಹತ್ತಿರ ಒಂದು ಸಣ್ಣ ತೂಕ ಕಟ್ಟಿದ ಮೇಲೆ ಸಮ ಆಯಿತು. ಇದನ್ನು ಸಮುದ್ರದಲ್ಲಿ ಕಂಡುಕೊಳ್ಳುವುದಕ್ಕಿಂತ ನಿಂತರೆ ಎದೆಮಟ್ಟ ಬರುವ ನೀರಿನಲ್ಲಿ ಕಂಡುಕೊಳ್ಳುವುದು ವಾಸಿ. ಕಾಲು ಬಡಿಯಲು ಆಗದವರು ಬಾತುಕೋಳಿ ಪಾದದ ಥರದ ಕೈಗವಸು ಹಾಕಿ ಕೈಯಲ್ಲೇ ಈಜಿ ನೋಡುವುದಕ್ಕೂ ಕೊಳವೇ ಸರಿಯಾದ ಜಾಗ.

ಟ್ರೈ ಡೈವ್ ಅಂದರೆ ನಮ್ಮ ಕಡೆ ಪ್ರವಾಸಿಗರು ಮಾಡುವ ಅರ್ಧ ಗಂಟೆಯ ಡೈವ್. ಗರಿಷ್ಠ ಆಳ 12 ಮೀಟರ್. ಇನ್‌ಸ್ಟ್ರಕ್ಟರ್ ಹಿಂದಿನಿಂದ ಸಿಲಿಂಡರ್ ಹಿಡಿದು ನಿಮ್ಮನ್ನು ತಳ್ಳಿಕೊಂಡು ಹೋಗುತ್ತಾರೆ. ನೀವು ಉಸಿರಾಡುತ್ತಾ, ಕಿವಿಯ ಒತ್ತಡ ಬಿಡಿಸುತ್ತಾ ಇದ್ದರೆ ಸಾಕು. ಈಜು ಬರದವರೂ ಹೋಗುತ್ತಾರೆ. ಅಂಗವಿಕಲರಿಗೆ ಇದು ವರ, ಕಾಲಿನ ಕೆಲಸ ಇನ್ನೊಬ್ಬರದ್ದು. ತೊಂದರೆಯೂ ಅಲ್ಲೇ ಇದೆ. "ಯಾರು ಬೇಕಾದ್ರೂ ಮಾಡಬಹುದು ಸಾರ್" ಅನ್ನುವ ಗಡಿಬಿಡಿಯಲ್ಲಿ ಆರೋಗ್ಯದ ಫಾರಂ ಸಹಿ ಹಾಕಿಸಿಕೊಳ್ಳುವ ಕಾಗದ ಮಾತ್ರ ಆಗಿಬಿಡುತ್ತದೆ.

ಇನ್ನು ಕೋರ್ಸ್. ಡೈವಿಂಗ್ ತರಬೇತಿಯ ಅಂತರರಾಷ್ಟ್ರೀಯ ಸಂಸ್ಥೆ ಪ್ಯಾಡಿಯ ಓಪನ್ ವಾಟರ್ ಕಾರ್ಡ್ ಸಿಕ್ಕರೆ 18 ಮೀಟರ್‌ವರೆಗೆ ಹೋಗಬಹುದು. 200 ಮೀಟರ್ ಈಜಬೇಕು, 10 ನಿಮಿಷ ತೇಲಬೇಕು. ಯಾವ ಶೈಲಿಯಲ್ಲಿ ಈಜಿದಿರಿ ಅಂತ ಯಾರೂ ಕೇಳುವುದಿಲ್ಲ, ಇಷ್ಟೇ ನಿಮಿಷದಲ್ಲಿ ಮುಗಿಸಿ ಅಂತಲೂ ಇಲ್ಲ. ಅಂಗಾತ ಮಲಗಿ ಕೈ ಬೀಸಿಕೊಂಡು ಹೋದರೂ ಆಯಿತು. ಕಾಲು ಮಾತ್ರ ದುರ್ಬಲ ಇರುವ ಅನೇಕರಿಗೆ ಈ ಮಾಮೂಲಿ ಕಾರ್ಡೇ ಸಿಗುತ್ತದೆ. ಅಲ್ಲಿ ಎಡವುವವರು ಮಾಸ್ಕ್ ಸರಿ ಮಾಡಿಕೊಳ್ಳಲು, ಜೊತೆಗಾರ ಆಪತ್ತಿನಲ್ಲಿದ್ದರೆ ಅವನಿಗೆ ಗಾಳಿ ಕೊಡಲು ಕೈ ಬಾರದವರು.

ಅಂಥವರಿಗೆ ಬೇರೆ ದಾರಿ ಇದೆ. ಅಮೆರಿಕದಲ್ಲಿ 1981ರಲ್ಲಿ ಶುರುವಾದ ಹ್ಯಾಂಡಿಕ್ಯಾಪ್ಡ್ ಸ್ಕೂಬಾ ಅಸೋಸಿಯೇಷನ್ ಮೂರು ಹಂತದ ಕಾರ್ಡ್ ಕೊಡುತ್ತದೆ. 'ಎ' ಹಂತದವರು ಎಲ್ಲರ ಹಾಗೆ ಒಬ್ಬ ಜೊತೆಗಾರನೊಂದಿಗೆ ಇಳಿಯಬಹುದು. 'ಬಿ' ಹಂತದವರಿಗೆ ಇಬ್ಬರು ಬೇಕು. 'ಸಿ' ಹಂತದವರಿಗೂ ಇಬ್ಬರು, ಅದರಲ್ಲಿ ಒಬ್ಬರು ರೆಸ್ಕ್ಯೂ ತರಬೇತಿ ಆದವರು. ನೀವು ಇನ್ನೊಬ್ಬರನ್ನು ಕಾಪಾಡಬಲ್ಲಿರಾ ಅನ್ನುವುದರ ಮೇಲೆ ನಿಂತ ವಿಂಗಡಣೆ ಇದು. ಎರಡರ ಮಧ್ಯೆ ಆರಿಸಬೇಕು ಅಂದರೆ ನನ್ನ ಮಾತು ಇಷ್ಟೇ: ಮಾಮೂಲಿ ಕಾರ್ಡಿಗೆ ಪ್ರಯತ್ನ ಮಾಡಿ, ಅದು ಎಲ್ಲ ಕಡೆ ನಡೆಯುತ್ತದೆ. ಆಗದಿದ್ದರೆ 'ಬಿ', 'ಸಿ' ಕಾರ್ಡ್ ಪಡೆಯಲು ನಾಚಿಕೆ ಬೇಡ. ಖರ್ಚು ಮಾತ್ರ ಲೆಕ್ಕ ಹಾಕಿ. ಇಬ್ಬರು ಜೊತೆಗಾರರು ಅಂದರೆ ಇಬ್ಬರ ಬಾಡಿಗೆ.

ಪ್ಯಾಡಿಯಲ್ಲೂ ಅಡಾಪ್ಟಿವ್ ಟೆಕ್ನಿಕ್ಸ್ ಅನ್ನುವ ತರಬೇತಿ ಇದೆ. ಅದನ್ನು ಮಾಡಿದ ಇನ್‌ಸ್ಟ್ರಕ್ಟರ್ ಸಿಕ್ಕರೆ ಒಳ್ಳೆಯದು. ಆದರೆ ಆ ಸರ್ಟಿಫಿಕೇಟ್ ಇಲ್ಲದ, ಹತ್ತು ಪ್ರಶ್ನೆ ಕೇಳುವ ಇನ್‌ಸ್ಟ್ರಕ್ಟರ್ ಮತ್ತು ಸರ್ಟಿಫಿಕೇಟ್ ಇದ್ದೂ ಒಂದು ಪ್ರಶ್ನೆಯನ್ನೂ ಕೇಳದವರು ಇಬ್ಬರೂ ಸಿಕ್ಕರೆ ನಾನು ಮೊದಲಿನವರ ಹಿಂದೆ ಹೋಗುತ್ತೇನೆ.

ದಡದಿಂದಲೋ, ಬೋಟಿನಿಂದಲೋ?

ವೀಲ್‌ಚೇರಿನವರಿಗೆ ದಡ ಸುಲಭ ಅನಿಸುತ್ತದೆ. ಒಣ ಮರಳಿನಲ್ಲಿ ಮುಂದಿನ ಸಣ್ಣ ಚಕ್ರ ಹೂತುಕೊಳ್ಳುವವರೆಗೆ. ಊರುಗೋಲಿನ ತುದಿಯೂ ಹಾಗೇ, ಗೇಣುದ್ದ ಒಳಗೆ ಹೋಗಿ ನಿಲ್ಲುತ್ತದೆ. ನೀರಿನ ಅಂಚಿನವರೆಗೆ ಪ್ಲೈವುಡ್ ಹಲಗೆಯೋ ಗಟ್ಟಿ ಚಾಪೆಯೋ ಹಾಸುತ್ತಾರಾ ಅಂತ ಕೇಳಿ. "ಎತ್ತಿಕೊಂಡು ಹೋಗ್ತೀವಿ ಬಿಡಿ" ಅಂದರೆ ಹೇಗೆ ಎತ್ತುತ್ತೀರಿ ಅಂತಲೂ ಕೇಳಿ. ಒಬ್ಬರು ಹಿಂದಿನಿಂದ ಕಂಕುಳ ಕೆಳಗೆ ಕೈ ಹಾಕಿ ಎದೆ ಬಳಸಬೇಕು, ಇನ್ನೊಬ್ಬರು ಮೊಣಕಾಲ ಕೆಳಗೆ. ಮೂಟೆ ಎತ್ತಿದ ಹಾಗೆ ಕೈಕಾಲು ಹಿಡಿದು ಎತ್ತಿದರೆ ಭುಜ ಜಾರುತ್ತದೆ.

ಬೋಟಿನಲ್ಲಿ ಇಳಿಯುವುದು ಸುಲಭ. ಅಂಚಿನಲ್ಲಿ ಕುಳಿತು ಹಿಂದಕ್ಕೆ ಉರುಳಿದರೆ ಆಯಿತು, ಕಾಲಿನ ಹಂಗೇ ಇಲ್ಲ. ಹತ್ತುವುದಕ್ಕೆ ನಾನು ಕಲಿತ ಉಪಾಯ ಇದು. ಗಾಳಿ ತುಂಬಿದ ಸಿಲಿಂಡರ್ ಒಂದೇ ಸುಮಾರು 15 ಕೆಜಿ ಮೇಲೆ ತೂಗುತ್ತದೆ. ಅದನ್ನು ನೀರಿನಲ್ಲೇ ಬಿಚ್ಚಿ ಮೇಲೆ ಕೊಟ್ಟುಬಿಡಿ. ಸೊಂಟದ ತೂಕದ ಬೆಲ್ಟನ್ನು ಅದಕ್ಕೂ ಮೊದಲು ಬಿಚ್ಚಿ ಕೊಡಬೇಕು, ಇಲ್ಲದಿದ್ದರೆ ಸಿಲಿಂಡರ್ ಕಟ್ಟಿರುವ, ನಿಮ್ಮನ್ನು ತೇಲಿಸುವ ಗಾಳಿಯ ಜಾಕೆಟ್ ತೆಗೆದ ಕೂಡಲೇ ಮುಳುಗುತ್ತೀರಿ. ಅಷ್ಟೂ ಹೊತ್ತು ಇನ್‌ಸ್ಟ್ರಕ್ಟರ್ ನಿಮ್ಮನ್ನು ಹಿಡಿದಿರಬೇಕು. ಆಮೇಲೆ ಬೋಟಿಗೆ ಬೆನ್ನು ಮಾಡಿ ತೇಲುತ್ತಿರಿ, ಮೇಲಿನವರು ಎರಡೂ ಕಂಕುಳಿಗೆ ಕೈ ಕೊಟ್ಟು ಅಲೆ ಏರುವಾಗಲೇ ಎತ್ತಬೇಕು. ಹಿಂಭಾಗದಲ್ಲಿ ನೀರಿನ ಮಟ್ಟಕ್ಕೆ ಹಲಗೆ ಇರುವ ಬೋಟ್ ಸಿಕ್ಕರಂತೂ ಏಣಿಯ ರಗಳೆಯೇ ಇಲ್ಲ. ಕುಳಿತು ಹಿಂದೆ ಸರಿದರೆ ಮುಗಿಯಿತು.

ನೇತ್ರಾಣಿಯೋ, ಅಂಡಮಾನೋ?

ಕನ್ನಡಿಗರಿಗೆ ಮೊದಲು ನೆನಪಾಗುವುದು ನೇತ್ರಾಣಿ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಒಳಗೆ. ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ ದ್ವೀಪ. ಮಳೆಗಾಲ ಪೂರ್ತಿ ಬಂದ್. ಇಲ್ಲಿ ಎಲ್ಲವೂ ಬೋಟಿನಿಂದಲೇ, ದಡದಿಂದ ಇಳಿಯುವ ಪ್ರಶ್ನೆಯೇ ಇಲ್ಲ. ಹೋಗಲು ಬರಲು ಸೇರಿ ಗಂಟೆಗಟ್ಟಲೆ ಬೋಟಿನಲ್ಲಿ ಕೂರಬೇಕು, ಅದೂ ಗಟ್ಟಿ ಹಲಗೆ ಮೇಲೆ. ಬೆನ್ನುಹುರಿಗೆ ಪೆಟ್ಟಾದವರಿಗೆ ಈ ಕೂರುವುದೇ ದೊಡ್ಡ ವಿಷಯ. ನಿಮ್ಮ ವೀಲ್‌ಚೇರಿನ ಕುಶನ್ ಜೊತೆಗೆ ಒಯ್ಯಲೇಬೇಕು. ಬೋಟ್ ಹತ್ತುವುದು ಜೆಟ್ಟಿಯಿಂದಲೋ ಮರಳಿನಿಂದಲೋ ಅಂತ ಬುಕ್ ಮಾಡುವಾಗಲೇ ಕೇಳಿಕೊಳ್ಳಿ. ಟಾಯ್ಲೆಟ್ ಇಲ್ಲದ ಬೋಟ್ ಆದರೆ ಹೆಂಗಸರಿಗೂ ಕ್ಯಾತಿಟರ್ (ಮೂತ್ರದ ನಳಿಕೆ) ಇರುವವರಿಗೂ ಎಷ್ಟು ಕಷ್ಟ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಅಂಡಮಾನಿನ ಹ್ಯಾವ್‌ಲಾಕ್, ಅಂದರೆ ಈಗಿನ ಸ್ವರಾಜ್ ದ್ವೀಪ, ದೂರ ಮತ್ತು ದುಬಾರಿ. ವಿಮಾನ, ಆಮೇಲೆ ಫೆರಿ. ಆದರೆ ಅಲ್ಲಿ ದಡದಿಂದಲೇ ಮೆಲ್ಲಗೆ ಆಳವಾಗುತ್ತಾ ಹೋಗುವ ಜಾಗ ಇದೆ, ಹೊಸಬರನ್ನು ನೀಮೊ ರೀಫ್‌ಗೆ ಹಾಗೇ ಇಳಿಸುತ್ತಾರೆ. ಸೊಂಟದ ಮಟ್ಟದ ನೀರಿನಲ್ಲಿ ಕುಳಿತು ಕಿಟ್ ಹಾಕಿಕೊಳ್ಳಬಹುದು, ಸಾಕಾದರೆ ವಾಪಸ್ ಬರಬಹುದು. ಮೂರ್ನಾಲ್ಕು ದಿನ ಉಳಿದು ನಿಧಾನವಾಗಿ ಕಲಿಯುವವರಿಗೆ ನನ್ನ ಓಟು ಅಲ್ಲಿಗೇ. ಒಂದೇ ದಿನದಲ್ಲಿ ಮಾಡಿ ಮುಗಿಸಬೇಕು, ಕೈ ಬಲ ಚೆನ್ನಾಗಿದೆ, ಬೋಟಿನ ಕುಲುಕಾಟ ತಡೆಯುತ್ತದೆ ಅನ್ನುವವರಿಗೆ ನೇತ್ರಾಣಿ ಸಾಕು. ಪುದುಚೇರಿ, ಗೋವಾಗಳೂ ಹೆಚ್ಚಾಗಿ ಬೋಟಿನ ಡೈವಿಂಗೇ, ಅದೇ ಏಣಿ ಪರೀಕ್ಷೆ ಅಲ್ಲೂ ನಡೆಯಲಿ. ಲಕ್ಷದ್ವೀಪ ಚಂದ, ಆದರೆ ಪರ್ಮಿಟ್ ಬೇಕು. ಜೊತೆಗೆ ಬರುವ ಸಹಾಯಕರ ಹೆಸರಲ್ಲೂ ಬೇಕು, ಇದನ್ನು ಮರೆಯುವವರೇ ಜಾಸ್ತಿ.

ಬೆಂಗಳೂರಿನವರು ನೇತ್ರಾಣಿಯಲ್ಲಿ ಮಾಡುವ ಒಂದು ತಪ್ಪು ಹೇಳಿಬಿಡುತ್ತೇನೆ. ಡೈವ್ ಆದ ಮೇಲೆ 12 ಗಂಟೆ ವಿಮಾನ ಹತ್ತಬಾರದು, ಒಂದಕ್ಕಿಂತ ಹೆಚ್ಚು ಡೈವ್ ಮಾಡಿದ್ದರೆ 18 ಗಂಟೆ. ಎತ್ತರಕ್ಕೆ ಹೋದರೆ ಒತ್ತಡ ಇಳಿದು ಮೈಯೊಳಗೆ ಗಾಳಿಗುಳ್ಳೆ ಏಳುವ ಡಿಕಂಪ್ರೆಷನ್ ಕಾಯಿಲೆ ಬರಬಹುದು. ಇದು ಬಹಳ ಜನಕ್ಕೆ ಗೊತ್ತು. ಘಟ್ಟ ಹತ್ತುವುದೂ ಅದೇ ಲೆಕ್ಕ ಅನ್ನೋದು ಗೊತ್ತಿಲ್ಲ. ಸುಮಾರು 600 ಮೀಟರ್ ಮೇಲಿನ ಎತ್ತರಕ್ಕೆ ಈ ಎಚ್ಚರಿಕೆ ಅನ್ವಯಿಸುತ್ತದೆ. ಬೆಂಗಳೂರು ಇರುವುದೇ ಸುಮಾರು 900 ಮೀಟರ್ ಎತ್ತರದಲ್ಲಿ. ಒಂದು ಆಳವಿಲ್ಲದ ಟ್ರೈ ಡೈವ್‌ಗೆ ಅಪಾಯ ಕಡಿಮೆಯೇ. ಆದರೂ ಮಧ್ಯಾಹ್ನ ಡೈವ್ ಮಾಡಿ ಸಂಜೆಯೇ ಕಾರು ಹತ್ತುವ ಬದಲು ರಾತ್ರಿ ಮುರುಡೇಶ್ವರದಲ್ಲಿ ಉಳಿದು ಬೆಳಿಗ್ಗೆ ಹೊರಡಿ. ದಣಿದ ಮೈಗೂ ಒಳ್ಳೆಯದು.

ಫಾರಂ ಮತ್ತು ಡಾಕ್ಟರ್

ಈಗ ಎಲ್ಲ ಕಡೆ ಬಳಸುವ ಆರೋಗ್ಯದ ಫಾರಂ 2020ರಲ್ಲಿ ಬದಲಾಯಿತು. ಮೊದಲ ಪುಟದಲ್ಲಿ 10 ಪ್ರಶ್ನೆ. ಮೂರನೆಯದು ಓದಿ ನಾನು ನಕ್ಕುಬಿಟ್ಟೆ. 1.6 ಕಿಲೋಮೀಟರ್ ದೂರವನ್ನು 14 ನಿಮಿಷದಲ್ಲಿ ನಡೆಯುವುದು ಅಥವಾ ನಿಲ್ಲದೆ 200 ಮೀಟರ್ ಈಜುವುದು, ಇಂಥ ಕೆಲಸ ನಿಮಗೆ ಕಷ್ಟವಾ? ಅಷ್ಟು ಜೋರಾಗಿ ನಾನು ಹುಟ್ಟಿದಾಗಿನಿಂದ ನಡೆದಿಲ್ಲ. ಆದರೆ ನಡುವೆ ಆ "ಅಥವಾ" ಇದೆ ನೋಡಿ, 200 ಮೀಟರ್ ಈಜುವುದು ನನಗೆ ಲೆಕ್ಕಕ್ಕಿಲ್ಲ. ಆದರೂ ನಾನು ಡಾಕ್ಟರ್ ಹತ್ತಿರ ಹೋದೆ, ಯಾಕೆಂದರೆ ಇನ್ನೊಂದು ಪ್ರಶ್ನೆ 45 ದಾಟಿದವರಿಗೆ. ಯಾವ ಪ್ರಶ್ನೆಗೂ ಸುಳ್ಳು ಉತ್ತರ ಬರೆಯಬೇಡಿ. "ಇಲ್ಲ ಅಂತ ಟಿಕ್ ಹಾಕಿ, ಸುಮ್ನೆ ತಲೆನೋವು ಯಾಕೆ" ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಮನೆ ಡಾಕ್ಟರೋ ಡೈವಿಂಗ್ ಗೊತ್ತಿರುವ ಡಾಕ್ಟರೋ? ನಿಮ್ಮ ಮೈ ಕಥೆ ಮನೆ ಡಾಕ್ಟರಿಗೆ ಗೊತ್ತು, ನೀರಿನ ಒತ್ತಡದ ಕಥೆ ಇನ್ನೊಬ್ಬರಿಗೆ ಗೊತ್ತು. 10 ಮೀಟರ್ ಆಳದಲ್ಲಿ ಒತ್ತಡ ಎರಡರಷ್ಟಾಗುತ್ತದೆ, ಅಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರುವಾಗ ಎರಡರಷ್ಟು ಹಿಗ್ಗುತ್ತದೆ. ಸಾಧ್ಯವಿದ್ದರೆ ಇಬ್ಬರನ್ನೂ ಕೇಳಿ. ಒಬ್ಬರೇ ಆದರೆ ಡೈವಿಂಗ್ ಗೊತ್ತಿರುವವರು, ಹಳೆಯ ರಿಪೋರ್ಟುಗಳನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ.

ಬೆನ್ನುಹುರಿಗೆ ಪೆಟ್ಟಾದವರ ವಿಷಯ ಸ್ವಲ್ಪ ಉದ್ದ ಹೇಳಬೇಕು. ಪೋಲಿಯೊ ಆದ ನನಗೆ ಕಾಲಿನಲ್ಲಿ ಬಲ ಇಲ್ಲ, ಸ್ಪರ್ಶ ಪೂರ್ತಿ ಇದೆ. ಏಣಿ ತಾಗಿದರೆ ಅಯ್ಯೋ ಅನ್ನುತ್ತೇನೆ. ಬೆನ್ನುಹುರಿ ಪೆಟ್ಟಿನ ನನ್ನ ಗೆಳೆಯನೊಬ್ಬ ಡೈವ್ ಮುಗಿಸಿ ರೂಮಿಗೆ ಬಂದು ವೆಟ್‌ಸೂಟ್ ಎಳೆದಾಗಲೇ ಹಿಮ್ಮಡಿ ಕೆರೆದುಹೋಗಿರುವುದು ಕಂಡದ್ದು. ಆ ಗಾಯ ಒಣಗಲು ತಿಂಗಳುಗಳು ಬೇಕಾದವು. ಹಾಗಾಗಿ ಅಂಥವರು ಆಳವಿಲ್ಲದ ಜಾಗದಲ್ಲೂ ಪೂರ್ತಿ ಕಾಲು ಮುಚ್ಚುವ ವೆಟ್‌ಸೂಟ್, ದಪ್ಪ ಬೂಟಿ ಹಾಕಬೇಕು. ಬದಿಯಲ್ಲಿ ಉದ್ದ ಜಿಪ್ ಇರುವ ಸೂಟ್ ಆದರೆ ಎಳೆದಾಡುವ ಕಷ್ಟ ಇಲ್ಲ. ಗಾಯದ ಮಟ್ಟದಿಂದ ಕೆಳಗೆ ಮೈ ನಡುಗಿ ಬಿಸಿ ಮಾಡಿಕೊಳ್ಳುವುದಿಲ್ಲ, ಅದಕ್ಕೆ ಬೆಚ್ಚಗಿನ ನೀರಿನಲ್ಲೂ ಬೇಗ ತಣ್ಣಗಾಗುತ್ತಾರೆ.

ಪೆಟ್ಟು ಟಿ6 ಮಟ್ಟದಲ್ಲೋ (ಎದೆಭಾಗದ ಆರನೇ ಬೆನ್ನುಮೂಳೆ) ಅದಕ್ಕಿಂತ ಮೇಲೋ ಇದ್ದವರಿಗೆ ಇನ್ನೊಂದು ಅಪಾಯ. ಮೂತ್ರಕೋಶ ತುಂಬಿದರೆ, ಕ್ಯಾತಿಟರ್ ಮಡಚಿಕೊಂಡರೆ, ಸೂಟ್ ಬಿಗಿಯಾದರೆ ಬಿಪಿ ದಿಢೀರ್ ಏರುತ್ತದೆ. ತಲೆ ಸಿಡಿಯುತ್ತದೆ, ಮುಖ ಕೆಂಪಾಗುತ್ತದೆ. ಇದು ಇನ್‌ಸ್ಟ್ರಕ್ಟರ್‌ಗೆ ಮೊದಲೇ ಗೊತ್ತಿರಬೇಕು, ತಲೆನೋವಿಗೆ ಒಂದು ಸನ್ನೆ ಗೊತ್ತು ಮಾಡಿಕೊಂಡಿರಬೇಕು. ಕಾಲಿಗೆ ಕಟ್ಟುವ ಮೂತ್ರದ ಚೀಲದಿಂದ ಗಾಳಿ ಪೂರ್ತಿ ಹಿಂಡಿ ತೆಗೆಯಿರಿ. ಕ್ಯಾತಿಟರನ್ನು ಒಳಗೆ ಹಿಡಿದಿಡುವ ಬಲೂನಿನಲ್ಲಿ ಇರಬೇಕಾದ್ದು ನೀರು, ಗಾಳಿ ಅಲ್ಲ. ಬೋಟಿನಲ್ಲಿ ಟಾಯ್ಲೆಟ್ ಇಲ್ಲ ಅಂತ ಬೆಳಿಗ್ಗೆಯಿಂದ ನೀರು ಕುಡಿಯದೆ ಬರುವವರಿದ್ದಾರೆ. ಮೈಯಲ್ಲಿ ನೀರು ಕಡಿಮೆಯಾದರೆ ಡಿಕಂಪ್ರೆಷನ್ ಕಾಯಿಲೆಯ ಅಪಾಯ ಜಾಸ್ತಿ.

ಆ ಕಾಯಿಲೆಯ ಲಕ್ಷಣಗಳಲ್ಲಿ ಕಾಲು ಜೋಮು ಹಿಡಿಯುವುದು, ಬಲ ಹೋಗುವುದು ಮುಖ್ಯ. ಮೊದಲೇ ಜೋಮಿರುವ ಕಾಲಿನಲ್ಲಿ ಹೊಸ ಜೋಮನ್ನು ಹುಡುಕುವುದು ಹೇಗೆ? ಎಲ್ಲಿ ಸ್ಪರ್ಶ ಇದೆ, ಎಲ್ಲಿಂದ ಇಲ್ಲ, ಯಾವ ಬೆರಳು ಆಡುತ್ತದೆ ಅಂತ ಡೈವ್‌ಗೆ ಮೊದಲೇ ಪರೀಕ್ಷೆ ಮಾಡಿಸಿ ಒಂದು ಹಾಳೆಯಲ್ಲಿ ಬರೆಸಿ ಇಟ್ಟುಕೊಳ್ಳಿ. ಆಸ್ಪತ್ರೆಗೆ ಹೋಗಬೇಕಾದರೆ ಆ ಹಾಳೆ ಬಹಳ ಕೆಲಸಕ್ಕೆ ಬರುತ್ತದೆ. ಸ್ನಾಯು ಸೆಟೆತಕ್ಕೆ ಕೊಡುವ ಬ್ಯಾಕ್ಲೊಫೆನ್ ಥರದ ಮಾತ್ರೆ ತೂಕಡಿಕೆ ತರಿಸುತ್ತದೆ, ಅದನ್ನೂ ಡಾಕ್ಟರಿಗೆ ಹೇಳಿ.

ಕಿವಿ ಕೇಳದವರಿಗೆ ಡೈವಿಂಗ್‌ನಲ್ಲಿ ಉಳಿದವರಿಗಿಂತ ಒಂದು ಕೈ ಮೇಲು. ಕೆಳಗೆ ಎಲ್ಲರೂ ಮೂಕರು, ಸನ್ನೆ ಭಾಷೆ ಬಲ್ಲವರು ಮಾತ್ರ ಹರಟೆ ಹೊಡೆಯುತ್ತಾರೆ. ಕಿವಿ ತಮಟೆ ತೂತಾಗಿದೆಯಾ ಅಂತ ನೋಡಿಸಿ, ತೂತಿದ್ದರೆ ಡೈವಿಂಗ್ ಬೇಡ. ಕೇಳಿಸಲೆಂದು ಆಪರೇಷನ್ ಮಾಡಿ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಇದ್ದರೆ ಎಷ್ಟು ಆಳ ತಡೆಯುತ್ತದೆ ಅಂತ ಆ ಮಾಡೆಲ್ ಮಾಡಿದ ಕಂಪನಿಯಿಂದಲೇ ಬರಹದಲ್ಲಿ ತರಿಸಿಕೊಳ್ಳಿ.

ಕಣ್ಣು ಕಾಣದವರಿಗೆ ಏನು ಮಜಾ ಅಂತ ಕೇಳುವವರಿದ್ದಾರೆ. ತೂಕವಿಲ್ಲದ ಮೈ, ತಣ್ಣಗಿನ ಪದರ ಬೆಚ್ಚಗಿನ ಪದರ, ಕಲ್ಲಿನ ಸಂದಿಯಿಂದ ಸಿಗಡಿಗಳ ಚಟಪಟ. ಆದರೆ ಒಂದು ಎಚ್ಚರಿಕೆ. ನೀರಿನಲ್ಲಿ ಶಬ್ದ ಗಾಳಿಗಿಂತ ನಾಲ್ಕು ಪಟ್ಟು ಹೆಚ್ಚು ವೇಗದಲ್ಲಿ ಓಡುತ್ತದೆ, ಎತ್ತ ಕಡೆಯಿಂದ ಬಂತು ಅಂತ ಕಿವಿಗೆ ತಿಳಿಯುವುದಿಲ್ಲ. ರಸ್ತೆಯಲ್ಲಿ ಕಿವಿಯನ್ನೇ ನಂಬಿ ನಡೆಯುವವರಿಗೆ ಇದು ಮೊದಲ ಸಲ ದಿಗಿಲು ಹುಟ್ಟಿಸಬಹುದು. ಕೈ ಹಿಡಿದೇ ಇರುವ ಒಬ್ಬ ಇನ್‌ಸ್ಟ್ರಕ್ಟರ್, ತೋಳಿನ ಮೇಲೆ ಒತ್ತಿ ಹೇಳುವ ನಾಲ್ಕಾರು ಸನ್ನೆ, ಅದಕ್ಕೂ ಮೊದಲು ಈಜುಕೊಳ. ಇಷ್ಟು ಇಲ್ಲದೆ ಸಮುದ್ರ ಬೇಡ.

ಕೈಯಲ್ಲಿ ಬಲ ಇಲ್ಲದವರು ಮೂಗು ಹಿಡಿದು ಕಿವಿ ಬಿಡಿಸುವುದು ಹೇಗೆ ಅನ್ನೋದನ್ನು ದಡದಲ್ಲೇ ತೀರ್ಮಾನ ಮಾಡಿ. ಕೆಲವರಿಗೆ ಎಂಜಲು ನುಂಗಿದರೆ, ದವಡೆ ಆಡಿಸಿದರೆ ಆಗುತ್ತದೆ. ಪೂರ್ತಿ ಮುಖ ಮುಚ್ಚುವ ಡೈವಿಂಗ್ ಮಾಸ್ಕಿನಲ್ಲಿ ಮೂಗಿಗೆ ಒತ್ತಿಕೊಳ್ಳಲು ದಿಂಬಿರುತ್ತದೆ, ತುಟಿ ಬಿಗಿ ಹಿಡಿಯಲಾಗದವರಿಗೂ ಅದು ಅನುಕೂಲ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಪೂರ್ತಿ ಮುಖದ ಸ್ನಾರ್ಕೆಲ್ ಮಾಸ್ಕ್ ಬೇರೆ, ಅದನ್ನು ಹಾಕಿ ಡೈವ್ ಮಾಡುವಂತಿಲ್ಲ. ಅಪಸ್ಮಾರ ಇರುವವರಿಗೆ ಸಾಮಾನ್ಯವಾಗಿ ಡೈವಿಂಗ್ ಬೇಡ ಅಂತಲೇ ಹೇಳುತ್ತಾರೆ. ನೀರಿನೊಳಗೆ ಫಿಟ್ಸ್ ಬಂದರೆ ಬಾಯಿಗೆ ಗಾಳಿ ಕೊಡುವ ರೆಗ್ಯುಲೇಟರ್ ಬಿದ್ದುಹೋಗುತ್ತದೆ.

ಫೋನ್ ಮಾಡಿದಾಗ

ಏಣಿಯ ಫೋಟೊ ವಾಟ್ಸಾಪ್‌ನಲ್ಲಿ ಕಳಿಸಿ ಅಂತ ಕೇಳಿ. ಕಳಿಸದಿದ್ದರೆ ಅದೂ ಒಂದು ಉತ್ತರವೇ. ಡಿಕಂಪ್ರೆಷನ್ ಕಾಯಿಲೆಗೆ ಚಿಕಿತ್ಸೆ ಕೊಡುವ ರೀಕಂಪ್ರೆಷನ್ ಚೇಂಬರ್ ಹತ್ತಿರದಲ್ಲಿ ಎಲ್ಲಿದೆ, ಬೋಟಿನಲ್ಲಿ ಆಮ್ಲಜನಕ ಇದೆಯಾ, ನನ್ನ ಜೊತೆ ಇಳಿಯುವ ಇನ್‌ಸ್ಟ್ರಕ್ಟರ್‌ಗೆ ಅವತ್ತು ಬೇರೆ ಗಿರಾಕಿ ಇರುತ್ತಾರಾ, ಇದಿಷ್ಟನ್ನು ನಾನು ತಪ್ಪದೆ ಕೇಳುತ್ತೇನೆ. ವಾರದ ನಡುವೆ ಹೋಗಿ. ಶನಿವಾರ ಭಾನುವಾರ ಬೋಟಿನಲ್ಲಿ ನೂಕುನುಗ್ಗಲು, ನಿಮ್ಮನ್ನು ನಿಧಾನವಾಗಿ ಇಳಿಸಲು ಯಾರಿಗೂ ಪುರಸೊತ್ತಿರುವುದಿಲ್ಲ.

ಕೊನೆಯ ಪ್ರಶ್ನೆ ಕ್ಯಾಲಿಪರ್ ಎಲ್ಲಿಡುತ್ತೀರಿ ಅನ್ನೋದು. ನನ್ನ ಎರಡನೇ ಡೈವ್‌ನಲ್ಲಿ ಬೋಟಿನ ಹುಡುಗ ಅದನ್ನು ಎರಡೂ ಕೈಯಲ್ಲಿ ಮಗು ಹಿಡಿದ ಹಾಗೆ ಹಿಡಿದು, "ಇದಕ್ಕೆ ನೀರು ತಾಗಬಹುದಾ ಸಾರ್?" ಅಂತ ಕೇಳಿದ. ತಾಗಬಾರದು ಅಂದೆ. ತನ್ನ ಬಟ್ಟೆಯ ಪ್ಲಾಸ್ಟಿಕ್ ಚೀಲ ಖಾಲಿ ಮಾಡಿ, ಅದರೊಳಗೆ ಹಾಕಿ, ಇಂಜಿನ್ ಪಕ್ಕದ ಪೆಟ್ಟಿಗೆಯಲ್ಲಿಟ್ಟ. ಮೊದಲ ಸಲ ಸೀಟಿನ ಕೆಳಗೆ ಇಟ್ಟಿದ್ದಕ್ಕೆ ಉಪ್ಪುನೀರು ಬಡಿದು ಮೊಣಕಾಲಿನ ಲಾಕ್ ತುಕ್ಕು ಹಿಡಿದಿತ್ತು. ಈಗ ನಾನೇ ದಪ್ಪದ ಚೀಲ ಒಯ್ಯುತ್ತೇನೆ. ರೂಮಿಗೆ ಬಂದ ಕೂಡಲೇ ಸಿಹಿನೀರಿನ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಲಾಕಿಗೆ ಎರಡು ಹನಿ ಹೊಲಿಗೆ ಮಷೀನಿನ ಎಣ್ಣೆ ಬಿಡುತ್ತೇನೆ.